ಎಷ್ಟು ಹೇಳಲಿ, ಸರ್?

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಅವಳನ್ನು ಎಲ್ಲರೂ ‘ಸ್ಟೂಲ್ ಡಾಕ್ಟ್ರು’ ಅನ್ನುತ್ತಿದ್ದರು. ಹೊಸದಾಗಿ ಬಂದವರು ಮಲಪರೀಕ್ಷೆ ಮಾಡುವವಳಿರಬೇಕು ಎಂದುಕೊಂಡು ಮೂಗು ಮುರಿಯುವುದೂ ಇತ್ತು. ಅವಳು ಗಂಟಲು, ನಾಲಿಗೆ, ದವಡೆಯ ಕ್ಯಾನ್ಸರನ್ನು ಕೊಯ್ದು ತೆಗೆಯುವ ಸರ್ಜನ್. ರೋಗಿಯ ಮಂಚದ ಹತ್ತಿರ ಹೋದರೆ ನಿಂತು ಮಾತಾಡುವ ಅಭ್ಯಾಸ ಅವಳಿಗಿರಲಿಲ್ಲ. ಗೋಡೆ ಪಕ್ಕದ ಕಬ್ಬಿಣದ ಸ್ಟೂಲನ್ನು ಕಾಲಿನಿಂದಲೇ ಎಳೆದುಕೊಂಡು, ಕೂತು, ಆಮೇಲೇ ಬಾಯಿ ತೆರೆಯುತ್ತಿದ್ದಳು. ಸ್ಟೂಲಿನ ಕರಕರ ಸದ್ದು ಕೇಳಿದರೆ ಸಾಕು, ವಾರ್ಡಿನಲ್ಲಿ ಹರಟುತ್ತಿದ್ದವರು ಸುಮ್ಮನಾಗುತ್ತಿದ್ದರು. ಇವತ್ತು ಯಾರ ಗ್ರಹಚಾರವೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಅವಳಪ್ಪ ಬಸ್ ಡ್ರೈವರ್. ಮನೆಯಲ್ಲಿ ಯಾರಿಗೂ ಡಾಕ್ಟರಿಕೆಯ ಗಂಧಗಾಳಿ ಇರಲಿಲ್ಲ. ವೈದ್ಯಕೀಯ ಓದು ಮುಗಿದ ಮೇಲೆ ಕಣ್ಣಿನ ಡಾಕ್ಟರಾಗಬೇಕೆಂದು ಆಸೆಪಟ್ಟಿದ್ದಳು, ಆ ಸೀಟು ಕೈತಪ್ಪಿತು. ಉಳಿದಿದ್ದದ್ದು ಯಾರೂ ತಿರುಗಿ ನೋಡದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ಸೀಟು. ಬಂದದ್ದಾಗಲಿ ಎಂದು ಸೇರಿಕೊಂಡಳು. ಮೊದಲ ದಿನ ವಿಭಾಗದ ಮುಖ್ಯಸ್ಥರು, ಎಲ್ಲರ ಬಾಯಲ್ಲಿ ‘ದೊಡ್ಡ ಡಾಕ್ಟರು’, ಕನ್ನಡಕದ ಮೇಲಿಂದ ಅವಳನ್ನು ಅಳೆದು ನೋಡಿದರು.

“ಇದು ಹತ್ತು ಗಂಟೆ ನಿಂತು ಮಾಡೋ ಕೆಲಸ ಕಣಮ್ಮ. ನಿನ್ನ ಕೈಲಾಗುತ್ತಾ?”

“ನಮ್ಮಮ್ಮ ಬೆಳಗ್ಗೆ ಎದ್ದಾಗಿಂದ ಮಲಗೋವರೆಗೂ ನಿಂತೇ ಇರ್ತಾರೆ ಸರ್. ಅವರಿಗೆ ಯಾರೂ ಈ ಪ್ರಶ್ನೆ ಕೇಳಿಲ್ಲ.”

ದೊಡ್ಡ ಡಾಕ್ಟರು ಕಾರಿಡಾರಿನ ಕೊನೆಯವರೆಗೂ ಕೇಳುವಂತೆ ನಕ್ಕರು. ಅವರ ಗಂಟಲೇ ಅಂಥದ್ದು. ಆಪರೇಷನ್ ಥಿಯೇಟರಿನಲ್ಲಿ ಗದರಿದರೆ ಕೆಳಗಿನ ಔಷಧಿ ಅಂಗಡಿಯವನು ಬೆಚ್ಚುತ್ತಾನೆ ಎಂದು ನರ್ಸುಗಳು ತಮಾಷೆ ಮಾಡುತ್ತಿದ್ದರು. “ಬಾಯಿ ಇದೆ. ಕೈ ಇದೆಯಾ ನೋಡೋಣ” ಅಂದರು.

ಕೈ ಇತ್ತು. ಅದನ್ನು ಅವರೇ ತಿದ್ದಿ ತೀಡಿದರು. ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡ ಗಡ್ಡೆಯನ್ನು ಅವಸರವಿಲ್ಲದೆ ಬಿಡಿಸುವುದು, ರಕ್ತ ಚಿಮ್ಮಿದಾಗ ಗಾಬರಿಯಿಂದ ಇಕ್ಕಳ ಹಾಕದೆ ಮೊದಲು ಬೆರಳಿಟ್ಟು ಒತ್ತಿಹಿಡಿದು ಉಸಿರು ತೆಗೆದುಕೊಳ್ಳುವುದು, ಎಲ್ಲ ಅವರ ಪಾಠ. ಕೆಲಸ ತಡವಾದರೆ ಅವರ ಹೆಂಡತಿ ಮನೆಯಿಂದ ಊಟದ ಡಬ್ಬಿ ಕಳಿಸುವರು. ಅದರಲ್ಲಿ ಗಂಡನಿಗೆ ಒಂದು ಪಾಲಾದರೆ ಇವಳಿಗೊಂದು. ಆ ದಂಪತಿಗೆ ಮಕ್ಕಳಿರಲಿಲ್ಲ.

ಅವರ ಇನ್ನೊಂದು ಪಾಠ ಮಾತ್ರ ಅವಳಿಗೆ ಗಂಟಲಲ್ಲಿ ಇಳಿಯಲಿಲ್ಲ. ರೋಗದ ವಿಷಯ ಮನೆಯವರಿಗೆ ಹೇಳಬೇಕು, ರೋಗಿಗೆ ಹೇಳಬಾರದು. “ರೋಗ ಹೊತ್ತಿರೋನ ತಲೆ ಮೇಲೆ ಅದರ ಹೆಸರನ್ನೂ ಯಾಕೆ ಹೊರಿಸ್ತೀಯ?” ಎಂದು ಕೇಳುತ್ತಿದ್ದರು. ಕೆಟ್ಟ ಮನಸ್ಸಿನಿಂದ ಹೇಳುತ್ತಿದ್ದ ಮಾತಲ್ಲ. ರೋಗಿಯ ಭುಜ ತಟ್ಟಿ, “ಸಣ್ಣ ಗಂಟು, ತೆಗೆದು ಬಿಸಾಕೋಣ” ಎನ್ನುವಾಗ ಅವರ ಮುಖದಲ್ಲಿ ಮಗುವನ್ನು ಮಲಗಿಸುವವರ ಮೆದುತನ ಇರುತ್ತಿತ್ತು.

ಹಾಗೆ ಸಣ್ಣ ಗಂಟು ಅನ್ನಿಸಿಕೊಂಡು ಬಂದವರಲ್ಲಿ ಒಬ್ಬರು ಶಾಲಾ ಟೀಚರು. ಗಂಟಲ ಧ್ವನಿಪೆಟ್ಟಿಗೆಯಲ್ಲೇ ಕ್ಯಾನ್ಸರ್, ಪೆಟ್ಟಿಗೆಯನ್ನೇ ಪೂರ್ತಿ ತೆಗೆಯದೆ ಗತಿಯಿರಲಿಲ್ಲ. ಗಂಡನಿಗೆ ಹೇಳಿದ್ದರು, ಆತ ಒಪ್ಪಿದ್ದ. ಆಪರೇಷನ್ ಆದ ಮರುದಿನ ಟೀಚರ ಪಕ್ಕದಲ್ಲಿದ್ದವಳು ಇವಳೇ. ಎಚ್ಚರಾದ ಟೀಚರು ಬಾಗಿಲಲ್ಲಿ ನಿಂತ ಮಗಳನ್ನು ಕಂಡು ಹೆಸರು ಹಿಡಿದು ಕರೆಯಲು ಬಾಯಿ ತೆರೆದರು. ತುಟಿ ಆಡಿತು, ಸದ್ದು ಬರಲಿಲ್ಲ. ಕುತ್ತಿಗೆಯ ತೂತಿನಿಂದ ಬುಸ್ಸೆಂದು ಗಾಳಿಯಷ್ಟೇ ಬಂತು. ಇನ್ನೊಮ್ಮೆ ಕರೆದರು. ಮತ್ತೆ ಗಾಳಿ. ಆಮೇಲೆ ಕೈಯಿಂದ ಕುತ್ತಿಗೆ ತಡವಿ, ಅಲ್ಲೇನಿದೆ ಅಲ್ಲೇನಿಲ್ಲ ಎಂದು ತಿಳಿದುಕೊಂಡು, ಗಂಡನ ಕಡೆ ಒಮ್ಮೆ ನೋಡಿ, ಗೋಡೆಗೆ ಮುಖ ತಿರುಗಿಸಿದರು. ರೋಗ ವಾಸಿಯಾಯಿತು. ಟೀಚರು ಬಹಳ ವರ್ಷ ಬದುಕಿದರು. ಗಂಡನ ಜೊತೆ ಸನ್ನೆಯಲ್ಲೂ ಮಾತಾಡುವುದಿಲ್ಲವಂತೆ ಎಂದು ಯಾರೋ ಹೇಳಿದರು.

“ಬದುಕಿದ್ದಾರೋ ಇಲ್ವೋ? ನಮ್ಮ ಕೆಲಸ ಅಷ್ಟೇ” ಅಂದರು ದೊಡ್ಡ ಡಾಕ್ಟರು.

ಅಷ್ಟೇ ಅಲ್ಲ ಎಂದು ಅವಳಿಗೆ ಅನ್ನಿಸಿತು, ಎದುರು ಆಡಲಿಲ್ಲ. ತಾನು ಸ್ವತಂತ್ರವಾಗಿ ಆಪರೇಷನ್ ಮಾಡುವ ಕಾಲ ಬಂದಾಗ ಬೇರೆ ದಾರಿ ಹಿಡಿದಳು. ಕೋಣೆಯ ಬಾಗಿಲು ಹಾಕಿ, ಸ್ಟೂಲಿನ ಮೇಲೆ ಕೂತು, “ನಿಮಗೇನಾಗಿದೆ ಅಂತ ನೀವು ಅಂದ್ಕೊಂಡಿದ್ದೀರ?” ಎಂದು ಮೊದಲು ಕೇಳುವಳು. ಅವರು ಹೇಳುವವರೆಗೂ ಕಾಯುವಳು. ಕಾಗದದ ಮೇಲೆ ಗಂಟಲಿನ ಚಿತ್ರ ಬರೆದು, ಯಾವುದು ಹೋಗುತ್ತದೆ, ಯಾವುದು ಉಳಿಯುತ್ತದೆ, ಉಂಡದ್ದು ಯಾವ ದಾರಿಯಲ್ಲಿ ಇಳಿಯುತ್ತದೆ ಎಂದು ತೋರಿಸುವಳು. ಕೊನೆಗೆ, “ಈಗ ನೀವು ನನಗೆ ಹೇಳಿ, ನಾನೇನು ತೆಗೀತೀನಿ?” ಎಂದು ಕೇಳುವಳು. ರೋಗಿ ಅದನ್ನು ತನ್ನ ಬಾಯಾರೆ ಹೇಳುವ ತನಕ ಅವಳು ಚಾಕು ಮುಟ್ಟುತ್ತಿರಲಿಲ್ಲ. ಕೆಲವರು ಅಳುತ್ತಾ ಹೇಳಿದರು, ಕೆಲವರು ಬೈಯುತ್ತಾ. ಒಬ್ಬ ಅಜ್ಜ ಮಾತ್ರ, “ಮಾತು ಹೋಗುತ್ತೆ ಅಷ್ಟೇ ತಾನೆ? ನನ್ನ ಹೆಂಡ್ತಿಗೆ ನೀವೇ ಸಿಹಿಸುದ್ದಿ ಹೇಳಿ” ಎಂದು ಇಡೀ ಕೋಣೆಯನ್ನು ನಗಿಸಿದ.

ಎಲ್ಲರೂ ಹಾಗಿರಲಿಲ್ಲ. ಗೋಡೆಗೆ ಬಣ್ಣ ಹೊಡೆಯುವ ಕೆಲಸದವನೊಬ್ಬ ನಾಲಿಗೆಯ ಹುಣ್ಣಿಟ್ಟುಕೊಂಡು ಬಂದಿದ್ದ. ಚಿಕ್ಕ ವಯಸ್ಸು, ಉಗುರುಗಳ ಸಂದಿಯಲ್ಲಿ ನೀಲಿ ಬಣ್ಣ. ಅರ್ಧ ನಾಲಿಗೆ ತೆಗೆಯಬೇಕೆಂದು ಚಿತ್ರ ಬರೆದು ಹೇಳಿದಳು. ಅವನು ಎಲ್ಲವನ್ನೂ ಸರಿಯಾಗಿ ಒಪ್ಪಿಸಿ, ನಾಳೆ ಬಂದು ಸೇರ್ತೀನಿ ಎಂದು ಹೋದವನು ನಾಪತ್ತೆಯಾದ. ಮತ್ತೆ ಬಂದಾಗ ಕೆನ್ನೆ ತೂತಾಗಿತ್ತು, ಕೊಳೆತ ವಾಸನೆಗೆ ಪಕ್ಕದ ಮಂಚದವರು ಎದ್ದು ಹೋದರು. ಎಲೆ ಮದ್ದು ಕೊಡುವವನೊಬ್ಬ ಕತ್ತರಿಸದೆ ವಾಸಿ ಮಾಡುತ್ತೇನೆಂದು ಮಾತು ಕೊಟ್ಟಿದ್ದನಂತೆ. ಆಗ ಕತ್ತರಿಸಲು ಏನೂ ಉಳಿದಿರಲಿಲ್ಲ. ಅವನು ತೀರಿಕೊಂಡ ದಿನ ಅವನ ತಾಯಿ ಮೆಟ್ಟಿಲ ಹತ್ತಿರ ಅವಳನ್ನು ತಡೆದು ನಿಲ್ಲಿಸಿದಳು. ಕೂಗಾಡಲಿಲ್ಲ.

“ಒಂದು ಸುಳ್ಳು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ತಾಯಿ? ಸಣ್ಣ ಹುಣ್ಣು ಅಂದಿದ್ರೆ ನನ್ನ ಮಗ ಮಲಗಿಬಿಡ್ತಿದ್ದ. ನಾಲಿಗೆ ಇಲ್ದಿದ್ರೂ ಅಮ್ಮ ಅಂತ ಕಣ್ಣಲ್ಲಿ ನೋಡ್ತಿದ್ದ.”

ಅವಳು ಆ ತಾಯಿಗೆ ಕೂರಲು ಜಾಗ ತೋರಿಸಿದಳು, ಆಕೆ ಕೂರಲಿಲ್ಲ. ಸ್ಟೂಲ್ ಡಾಕ್ಟ್ರು ತನ್ನ ಪದ್ಧತಿ ಬಿಡಲಿಲ್ಲ. ಆದರೆ ಆವತ್ತಿನಿಂದ ಪ್ರತಿ ಸಲ ಬಾಗಿಲು ಹಾಕುವಾಗ, ಇವನೂ ಹಾಗೇ ಎದ್ದು ಹೋದರೆ ಎಂಬ ಯೋಚನೆ ಬರುತ್ತಿತ್ತು. ಈ ವಿಷಯವನ್ನು ದೊಡ್ಡ ಡಾಕ್ಟರ ಹತ್ತಿರ ಒಮ್ಮೆ ಹೇಳಿಕೊಂಡಿದ್ದಳು. ಅವರು ಬೈಯುತ್ತಾರೆ ಎಂದುಕೊಂಡಿದ್ದಳು, ಬೈಯಲಿಲ್ಲ. “ಸತ್ಯಕ್ಕೆ ಸಾವಿಲ್ಲ ಕಣಮ್ಮ. ಸಾಯೋದು ಕೇಳಿಸಿಕೊಂಡೋನು” ಎಂದಷ್ಟೇ ಹೇಳಿ ಕೈತೊಳೆಯಲು ಹೋದರು.

ಅವರು ನಿವೃತ್ತರಾಗಿ ಕೆಲವು ವರ್ಷಗಳಾದ ಮೇಲೆ, ಒಂದು ಬೆಳಿಗ್ಗೆ ಅವರ ಹೆಂಡತಿ, ಅವಳು ಅಮ್ಮ ಎಂದೇ ಕರೆಯುತ್ತಿದ್ದವರು, ಹೇಳದೆ ಕೇಳದೆ ಅವಳ ಕೋಣೆಗೆ ಬಂದರು. ಸೆರಗಿನಡಿಯಿಂದ ಸ್ಕ್ಯಾನಿನ ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. ಗಂಡನ ಧ್ವನಿ ಒಡೆದು ಬಹಳ ದಿನವಾಗಿತ್ತು. ಪರಿಚಯದ ಡಾಕ್ಟರೊಬ್ಬರು ಪರೀಕ್ಷೆ, ಸ್ಕ್ಯಾನು ಮಾಡಿಸಿ ಫಲಿತಾಂಶವನ್ನು ಹೆಂಡತಿಯ ಕೈಗೆ ಕೊಟ್ಟಿದ್ದರು. ಅವಳು ಚಿತ್ರವನ್ನು ಬೆಳಕಿಗೆ ಹಿಡಿದಳು. ಧ್ವನಿಪೆಟ್ಟಿಗೆಯ ಒಂದು ಬದಿ ಪೂರ್ತಿ ರೋಗ ತುಂಬಿತ್ತು.

“ಅವರಿಗೆ ಗೊತ್ತಾಗಬಾರದು” ಅಂದರು ಅಮ್ಮ.

“ಅಮ್ಮಾ, ಇದನ್ನೇ ಜೀವಮಾನವೆಲ್ಲಾ ಮಾಡಿದವರು ಅವರು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?”

“ಬೇಡ. ಆದ್ರೆ ಅವರು ಅಂಗೈಯನ್ನೇ ನೋಡ್ಕೋತಿಲ್ಲ. ಗ್ಯಾಸ್ಟ್ರಿಕ್ ಹುಳಿ ಮೇಲೆ ಬಂದು ಗಂಟಲು ಕೆಟ್ಟಿದೆ ಅಂತ ಗುಳಿಗೆ ನುಂಗ್ತಾ ಕೂತಿದ್ದಾರೆ. ನಾನೂ ಹೂಂ ಅಂತಿದ್ದೀನಿ. ಅವರ ಪದ್ಧತಿ ಅವರಿಗೆ ಇರಲಿ ಬಿಡು. ಎಷ್ಟು ಜನರನ್ನ ಹಾಗೆ ಕಾಪಾಡಿದ್ರು! ಅವರಿಗೆ ಅಷ್ಟೂ ಸಿಗಬಾರದಾ?”

ಅವಳು ಅಡಕತ್ತರಿಯಲ್ಲಿ ಸಿಕ್ಕಿಬಿದ್ದಳು. ಮೊದಲು ಗಂಟಲು ನೋಡುತ್ತೇನೆ, ಸುಳ್ಳು ಹೇಳುವ ಮಾತು ಕೊಡಲಾರೆ ಎಂದಳು. ಅಮ್ಮ ಮುಖ ಬಿಗಿದುಕೊಂಡೇ ಒಪ್ಪಿದರು.

ದೊಡ್ಡ ಡಾಕ್ಟರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಹಳೇ ನರ್ಸುಗಳು ಎದ್ದು ನಿಂತರು. ಎಲ್ಲರನ್ನೂ ಮಾತಾಡಿಸಿದರು, ಆದರೆ ಆ ಗಂಟೆಯಂಥ ಧ್ವನಿ ಈಗ ಒಣಗಿದ ಎಲೆ ತುಳಿದಂತಿತ್ತು. ಕುರ್ಚಿಯಲ್ಲಿ ಕೂತರು. ಅವಳು ಮೂಗಿನ ಮೂಲಕ ತೆಳ್ಳಗಿನ ದುರ್ಬೀನಿನ ನಳಿಕೆ ಇಳಿಸಿದಳು. ಪಕ್ಕದ ಪರದೆಯ ಮೇಲೆ ಗಂಟಲಿನ ಒಳಭಾಗ ಕೈಯಗಲ ಮೂಡಿತು. ಎಡಗಡೆ ಧ್ವನಿತಂತು ಕಲ್ಲಿನಂತೆ ಅಲುಗದೆ ಕೂತಿತ್ತು, ಅದರ ಮೇಲೆ ಹೂಕೋಸಿನಂತೆ ಬೆಳೆದ ಬಿಳಿಗೆಂಪು ಗಡ್ಡೆ. ಇವಳು ಕಲಿಯುವಾಗ ಈ ಪರದೆಯಿಂದ ಒಂದು ಕ್ಷಣ ಕಣ್ಣು ತೆಗೆದರೂ ತಲೆಗೆ ಮೊಟಕುತ್ತಿದ್ದವರು ಅವರೇ. ಈಗ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ಅವಳು ಪರದೆಯನ್ನು ಮೆಲ್ಲಗೆ ಆಚೆ ತಿರುಗಿಸಿದಳು. ತಿರುಗಿದ ಸದ್ದು ಕೇಳಿದ ಮೇಲೆ ಅವರು ಕಣ್ಣು ಬಿಟ್ಟರು.

ಅವಳು ನಳಿಕೆ ತೆಗೆದು, ಕೈಗವಸು ಕಳಚಿ, ಎದುರು ಕೂತಳು. ನೂರಾರು ಜನರಿಗೆ ಕೇಳಿದ ಪ್ರಶ್ನೆ ಬಾಯಿಗೆ ಬರಲಿಲ್ಲ. ಬೇರೊಂದು ಬಂತು.

“ಎಷ್ಟು ಹೇಳಲಿ, ಸರ್?”

ಅವರು ಅಂಗಿಯ ತೋಳು ಸರಿಮಾಡಿಕೊಂಡರು. “ಹುಳಿಯಿಂದ ಆಗಿರೋ ಹುಣ್ಣು ಅಲ್ವೇನಮ್ಮ?”

ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು. ಬಣ್ಣದವನ ತಾಯಿಯ ಮಾತು ಕಿವಿಯಲ್ಲಿ ಇದ್ದೇ ಇತ್ತು. ಹೂಂ ಸರ್, ಸಣ್ಣ ಹುಣ್ಣು, ತೆಗೆದು ಬಿಸಾಕೋಣ. ಅವರು ಮಲಗಿಬಿಡುತ್ತಿದ್ದರೇನೋ. ಧ್ವನಿಪೆಟ್ಟಿಗೆ ತೆಗೆದರೆ ಇನ್ನೂ ಉಳಿಯುವ ಹಂತ ಅದು. ಬಾಯಿ ತೆರೆದಾಗ ಬಂದದ್ದು ಮಾತ್ರ ಎರಡೇ ಪದ.

“ಅಲ್ಲ ಸರ್.”

ಅವರು ಅವಳನ್ನೇ ನೋಡಿದರು. ಕೋಪವಿರಲಿಲ್ಲ. ಮನೆ ದಾರಿ ತಪ್ಪಿದವರು ನೋಡುವ ನೋಟ. “ನಿನ್ನ ಕೇಳಿದ್ದು ನನ್ನ ತಪ್ಪು” ಎಂದು ಎದ್ದರು. ಆಪರೇಷನ್, ವಿಕಿರಣದ ಕರೆಂಟು ಕೊಡಿಸುವುದು, ಎರಡರ ಬಗ್ಗೆಯೂ ಅವಳು ಬಾಗಿಲವರೆಗೆ ಹಿಂದೆಯೇ ಹೋಗಿ ಹೇಳುತ್ತಿದ್ದಳು. ಅವರು ತಿರುಗಲಿಲ್ಲ.

ಆಮೇಲೆ ಅವಳು ಎಷ್ಟೋ ಸಲ ಫೋನ್ ಮಾಡಿದಳು. ಒಮ್ಮೆ ಅಮ್ಮ ತೆಗೆದುಕೊಂಡು, “ಅವರು ಊಟ ಬಿಟ್ಟಿದ್ದಾರೆ. ಹುಣ್ಣೇ ಅಂತ ನಾನು ಹೇಗೋ ಮತ್ತೆ ನಂಬಿಸಿಟ್ಟಿದ್ದೀನಿ. ನಿನಗೆ ಸಮಾಧಾನ ಆಯ್ತಾ?” ಎಂದು ಇಟ್ಟುಬಿಟ್ಟರು. ಮನೆಗೆ ಹೋದರೆ ಬಾಗಿಲಲ್ಲೇ ಮಾತಾಡಿಸಿ ಕಳಿಸಿದರು. ಒಳಕೋಣೆಯಿಂದ ಒಣಗಿದ ಕೆಮ್ಮು ಕೇಳುತ್ತಿತ್ತು. ತನ್ನ ಮನೆಗೆ ಬಂದು ಅಪ್ಪನ ಹತ್ತಿರ ಹೇಳಿಕೊಂಡಳು. ಅಪ್ಪ ಯೋಚಿಸಿ, “ರಸ್ತೆ ಕೆಟ್ಟಿದೆ ಅಂತ ಪ್ರಯಾಣಿಕರಿಗೆ ಹೇಳಿದ್ರೂ ಕುಲುಕೋದು ತಪ್ಪೋದಿಲ್ಲ ಮಗಳೇ, ಹೇಳದಿದ್ರೂ ತಪ್ಪೋದಿಲ್ಲ” ಎಂದರು. ಪ್ರೀತಿಯಿಂದ ಹೇಳಿದ್ದು. ಅದರಿಂದ ಅವಳಿಗೇನೂ ಹಗುರಾಗಲಿಲ್ಲ.

ಎರಡು ಮೂರು ತಿಂಗಳು ಕಳೆದಿರಬೇಕು. ಬೆಳಗಿನ ಹೊರರೋಗಿಗಳ ಸಾಲು ನಡೆಯುತ್ತಿದ್ದಾಗ ಕೆಳಗಿನಿಂದ ಕರೆ ಬಂತು. ದೊಡ್ಡ ಡಾಕ್ಟರನ್ನು ಗಾಲಿಕುರ್ಚಿಯಲ್ಲಿ ತಂದಿದ್ದರು. ಉಸಿರೆಳೆದಾಗಲೆಲ್ಲ ಬಿರುಕಿನಲ್ಲಿ ಗಾಳಿ ನುಗ್ಗಿದಂಥ ಶಿಳ್ಳೆ. ತುಟಿ ನೀಲಿಗಟ್ಟಿತ್ತು. ಮಲಗಿಸಿದರೆ ಸಾಯುತ್ತಾರೆ, ಅರಿವಳಿಕೆ ಕೊಡುವಂತಿಲ್ಲ. ಕೂತ ಭಂಗಿಯಲ್ಲೇ, ಚರ್ಮಕ್ಕೆ ಮಾತ್ರ ಮರಗಟ್ಟುವ ಸೂಜಿ ಚುಚ್ಚಿ, ಎಚ್ಚರವಿರುವಾಗಲೇ ಅವರ ಕುತ್ತಿಗೆ ಕೊಯ್ದು ಶ್ವಾಸನಾಳಕ್ಕೆ ದಾರಿ ಮಾಡಿದಳು. ಕೊಯ್ಯುವಾಗ ಅವರ ಕಣ್ಣು ತೆರೆದಿತ್ತು, ಅವಳ ಕೈಯನ್ನೇ ನೋಡುತ್ತಿದ್ದರು. ನಳಿಕೆ ಒಳಗಿಳಿದು ಗಾಳಿ ಭರ್ರನೆ ನುಗ್ಗಿದಾಗ ಭುಜ ಸಡಿಲಾಯಿತು. ಕುತ್ತಿಗೆಯ ಬದಿಯಲ್ಲಿ ಬೆರಳಾಡಿಸಿದಾಗ ಅವಳಿಗೆ ಉಳಿದದ್ದೂ ತಿಳಿದುಹೋಯಿತು. ಗಡ್ಡೆ ದೊಡ್ಡ ರಕ್ತನಾಳವನ್ನು ಸುತ್ತಿ ಹಿಡಿದಿತ್ತು. ಬಿಡಿಸಲು ಬರುವ ಹಂತ ದಾಟಿತ್ತು.

ಎರಡು ದಿನ ಬಿಟ್ಟು ಅವಳು ಒಬ್ಬಳೇ ಇದ್ದಾಗ ಅವರು ನಳಿಕೆಯ ಬಾಯಿಗೆ ಬೆರಳು ಒತ್ತಿ ಹಿಡಿದರು. ಹಾಗೆ ಹಿಡಿದರೆ ಒಂದಿಷ್ಟು ಗಾಳಿ ಮೇಲಕ್ಕೆ ಹೋಗಿ ಪಿಸುಮಾತು ಹೊರಡುತ್ತದೆ.

“ಈಗ ಹೇಳು.”

ಅವಳು ಹೇಳಿದಳು. ಎಲ್ಲಿಯವರೆಗೆ ಹಬ್ಬಿದೆ, ಯಾಕೆ ಕತ್ತರಿಸಲಾಗದು, ಕರೆಂಟು ಕೊಟ್ಟರೆ ಎಷ್ಟರ ಮಟ್ಟಿಗೆ ನೋವು ಇಳಿಯಬಹುದು, ಮುಂದೆ ಏನಾಗಬಹುದು. ಅವರು ವಿದ್ಯಾರ್ಥಿಯ ಪಾಠ ಒಪ್ಪಿಸಿಕೊಳ್ಳುವವರಂತೆ ತಲೆ ಆಡಿಸುತ್ತಾ ಕೇಳಿದರು. ಅವಳ ಕಣ್ಣಲ್ಲಿ ನೀರು ಕಂಡು ಮತ್ತೆ ಬೆರಳೊತ್ತಿದರು.

“ಆವತ್ತು ನೀನು ಹೂಂ ಅಂದಿದ್ರೂ ನಾನು ಬರ್ತಿರಲಿಲ್ಲ. ನಂಗೆ ಕತ್ತರಿಸೋಕೆ ಬರುತ್ತೆ. ಕತ್ತರಿಸಿಕೊಳ್ಳೋಕೆ ಬರಲ್ಲ.”

ಅದು ನಿಜವೋ, ಅಥವಾ ಅವಳ ಭುಜ ತಟ್ಟಲೆಂದು ಆಡಿದ ಮಾತೋ, ಅವಳಿಗೆ ಕೊನೆಗೂ ಗೊತ್ತಾಗಲಿಲ್ಲ. ಕೇಳುವ ಧೈರ್ಯ ಬರಲಿಲ್ಲ.

“ಒಂದು ಕೆಲಸ ಮಾಡು. ನನಗೆ ಗೊತ್ತು ಅನ್ನೋದು ಅವಳಿಗೆ ಗೊತ್ತಾಗೋದು ಬೇಡ. ಹುಣ್ಣು ಅಂತಾನೇ ಇರಲಿ. ಪಾಪ, ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದ್ದಾಳೆ.”

ಜೀವನವೆಲ್ಲಾ ಬಾಗಿಲು ಹಾಕಿ ಸತ್ಯ ಹೇಳಿದವಳು ಹೂಂ ಎಂದು ತಲೆಯಾಡಿಸಿದಳು.

ಮನೆಗೆ ಕಳಿಸಿದ ಮೇಲೆ ವಾರಕ್ಕೊಮ್ಮೆ ನಳಿಕೆ ಬದಲಿಸಲು ಅವಳೇ ಹೋಗುತ್ತಿದ್ದಳು. ಅಮ್ಮನ ಕೋಪ ಇಳಿದಿತ್ತು, ಇಳಿಯದೆ ವಿಧಿಯಿರಲಿಲ್ಲ. ಕಫ ಎಳೆಯುವ ಯಂತ್ರ ನಡೆಸಲು ಕಲಿತಿದ್ದರು. ಕಿಟಕಿ ಪಕ್ಕದ ಮಂಚ, ಗೋಡೆಗೆ ಒರಗಿಸಿದ ದಿಂಬುಗಳು, ಹಾಸಿಗೆಯಲ್ಲಿ ದಿನೇ ದಿನೇ ಕುಗ್ಗುವ ಮನುಷ್ಯ. ಆ ಕೋಣೆಯಲ್ಲಿ ಇಬ್ಬರೂ ಒಬ್ಬರಿಗಾಗಿ ಒಬ್ಬರು ನಾಟಕ ಆಡುತ್ತಿದ್ದರು. “ಬಣ್ಣ ಸುಧಾರಿಸಿದೆ ಅಲ್ವಾ? ಹುಣ್ಣು ಆರ್ತಾ ಬಂದಿರಬೇಕು” ಎಂದು ಅಮ್ಮ ಅನ್ನುವರು. ದೊಡ್ಡ ಡಾಕ್ಟರು ಹೌದೆಂದು ತಲೆಯಾಡಿಸಿ, ವಾಸಿಯಾದ ಮೇಲೆ ಅಡುಗೆಮನೆಯ ಸೋರುವ ನಲ್ಲಿ ಸರಿಮಾಡಿಸುತ್ತೇನೆಂದು ಸನ್ನೆ ಮಾಡುವರು. ಇಬ್ಬರೂ ಅವಳ ಮುಖ ನೋಡುವರು. ಅವಳು, “ನೋವು ಕಡಿಮೆ ಇದೆಯಾ ನೋಡೋಣ” ಎಂದು ಕುತ್ತಿಗೆಯ ಪಟ್ಟಿಗೆ ಕೈ ಹಾಕುವಳು. ಅದು ಸುಳ್ಳೂ ಅಲ್ಲ, ಹೇಳಬೇಕಾದದ್ದೂ ಅಲ್ಲ.

ಒಂದು ವಾರ ಪಟ್ಟಿ ಬಿಚ್ಚಿದಾಗ ಗಾಯದ ತಳದಲ್ಲಿ ರಕ್ತನಾಳ ಮಿಡಿಯುವುದು ಬರಿಗಣ್ಣಿಗೇ ಕಂಡಿತು. ಮರುದಿನ ಅವಳು ಅಂಗಡಿಯಿಂದ ಕಡುಗೆಂಪು ಬಣ್ಣದ ದಪ್ಪ ಟವೆಲುಗಳನ್ನು ತಂದು ಮಂಚದ ತಲೆದೆಸೆಯಲ್ಲಿ ಮಡಚಿಟ್ಟಳು.

“ಇಷ್ಟು ಗಾಢ ಬಣ್ಣ ಯಾಕೆ ತಂದೆ?” ಅಂದರು ಅಮ್ಮ.

“ಕೊಳೆ ಕಾಣಲ್ಲ ಅಮ್ಮ.”

ನಾಳ ಒಡೆದರೆ ರಕ್ತ ಕಂಡು ಮನೆಯವರು ಹೌಹಾರದಿರಲಿ ಎಂದು ಇಂಥ ಬಣ್ಣ ಇಡಬೇಕೆಂದು ಕಲಿಸಿದವರು ಹಾಸಿಗೆಯಲ್ಲೇ ಇದ್ದರು. ಟವೆಲುಗಳ ಕಡೆ ಒಮ್ಮೆ, ಅವಳ ಕಡೆ ಒಮ್ಮೆ ನೋಡಿ, ಹೆಂಡತಿಗೆ ಅರ್ಥವಾಗದಂತೆ ಕಣ್ಣಿನಲ್ಲೇ ಭೇಷ್ ಅಂದರು.

ನಾಳ ಒಡೆದದ್ದು ಒಂದು ಮಧ್ಯಾಹ್ನ. ಅಮ್ಮ ಫೋನ್ ಮಾಡಿ ಅವಳ ಹೆಸರು ಕರೆದರು, ಮುಂದೆ ಮಾತು ಹೊರಡಲಿಲ್ಲ. ಅವಳು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಮ್ಮ ಮಂಚದ ಅಂಚಿನಲ್ಲಿ ಕೂತು ಎರಡೂ ಕೈಯಿಂದ ಟವೆಲನ್ನು ಗಂಡನ ಕುತ್ತಿಗೆಗೆ ಒತ್ತಿ ಹಿಡಿದಿದ್ದರು. ಮಿಡಿಯುವುದು ನಿಂತು ಬಹಳ ಹೊತ್ತಾಗಿದ್ದರೂ ಕೈ ಬಿಟ್ಟಿರಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಜನ ಬಂದು ಹೋಗುವ ದಿನಗಳೆಲ್ಲ ಕಳೆದ ಮೇಲೆ, ಆಸ್ಪತ್ರೆಯ ಯಂತ್ರ ವಾಪಸು ಒಯ್ಯಲು ಅವಳು ಮತ್ತೆ ಆ ಮನೆಗೆ ಹೋದಳು. ಅಮ್ಮ ಕಿಟಕಿಯ ಹತ್ತಿರ ಕೂತಿದ್ದರು. ಮಂಚದ ಮೇಲೆ ಹಾಸಿಗೆ ಇರಲಿಲ್ಲ.

“ಒಂದು ಕೇಳ್ತೀನಿ. ನೀನು ಸುಳ್ಳು ಹೇಳಲ್ಲ ಅಂತಾರಲ್ಲ. ಅವರಿಗೆ ಗೊತ್ತಿತ್ತಾ?”

ಕೊಟ್ಟ ಮಾತು ನೆನಪಿತ್ತು. ಮಾತು ಪಡೆದವರು ಈಗ ಇರಲಿಲ್ಲ. ಕೇಳುತ್ತಿದ್ದವರು ಎದುರಿಗಿದ್ದರು.

“ಗೊತ್ತಿತ್ತು ಅಮ್ಮ. ನಿಮಗೆ ತಿಳೀಬಾರದು ಅಂತ ನನ್ನ ಹತ್ರ ಮಾತು ತಗೊಂಡಿದ್ರು.”

ಅಮ್ಮ ಹೂಂ ಅಂದರು. ಹೊರಗೆ ಯಾರೋ ಸ್ಕೂಟರ್ ಚಾಲೂ ಮಾಡಲು ಒದೆಯುತ್ತಿದ್ದರು. ಅದು ಚಾಲೂ ಆಗಿ ದೂರ ಹೋಯಿತು.

“ಹಾಗಾದ್ರೆ ಅಷ್ಟು ದಿನ ಒಂದೇ ಕೋಣೆಯಲ್ಲಿದ್ದು, ಒಬ್ಬರನ್ನೊಬ್ಬರು ಹಿಡ್ಕೊಂಡು ಒಂದು ಸಲ ಅಳಲೂ ಇಲ್ಲ ನಾವು.”

ಅಮ್ಮ ಎದ್ದು ಮೂಲೆಯಲ್ಲಿದ್ದ ಕಫದ ಯಂತ್ರದ ಬಾಟಲಿ ಕಳಚಿದರು. ತೊಳೆದು ಕೊಡ್ತೀನಿ ಇರು, ಇನ್ಯಾರಿಗೋ ಬೇಕಾಗುತ್ತಲ್ಲ ಎಂದು ಒಳಗೆ ಹೋದರು. ನಲ್ಲಿಯ ನೀರು ಸುರಿಯುವ ಸದ್ದು ಬಹಳ ಹೊತ್ತು ಕೇಳಿತು. ಅವಳು ಹೋಗಿ ನೋಡಿದಾಗ ಬಾಟಲಿ ಯಾವಾಗಲೋ ಸ್ವಚ್ಛವಾಗಿತ್ತು, ಅಮ್ಮ ಇನ್ನೂ ಉಜ್ಜುತ್ತಲೇ ಇದ್ದರು. ಅವಳು ತೋಳು ಮೇಲೇರಿಸಿಕೊಂಡು ಪಕ್ಕದಲ್ಲಿ ನಿಂತು, ಯಂತ್ರದ ರಬ್ಬರ್ ನಳಿಕೆಗಳನ್ನು ತೊಳೆಯತೊಡಗಿದಳು.